ಓದುಗರ ಪ್ರಶ್ನೆ: ಪುಟ್ಟ ಕಾರಿಗೆ ಬಣ್ಣ ಏಕೆ ಹಿಡಿಯುವುದಿಲ್ಲ?

ಪ್ರಶ್ನೆ: ಮಗ ಚಿಕ್ಕವನಿದ್ದಾಗ ಆಡಿದ ಲೋಹದ ಪುಟ್ಟ ಕಾರುಗಳಿಗೆ ಮೊಮ್ಮಗನಿಗಾಗಿ ಜುಲೈ ತಿಂಗಳಲ್ಲಿ ಹೊಸ ಬಣ್ಣ ಹೊಡೆದೆ. ಹಳೆಯ ಬಣ್ಣ ಕೆರೆದು, ಗೇಟಿಗೆ ಬಳಿದು ಉಳಿದಿದ್ದ ರೆಡ್ ಆಕ್ಸೈಡ್ ಹಚ್ಚಿ, ಅದರ ಮೇಲೆ ಸ್ಪ್ರೇ ಡಬ್ಬಿಯಿಂದ ನೀಲಿ ಹೊಡೆದಿದ್ದೆ. ಅಂದೇ ಬಣ್ಣ ಮಂಜು ಕವಿದಂತೆ ಬಿಳಿಚಿಕೊಂಡಿತು. ಈಗ ಉಗುರು ತಾಗಿದಲ್ಲೆಲ್ಲ ಸಿಪ್ಪೆ ಏಳುತ್ತಿದೆ. ತಪ್ಪು ಎಲ್ಲಿ?
– ಸಕಲೇಶಪುರದ ಓದುಗರು

ಉತ್ತರ: ನಿಮ್ಮ ಎರಡು ತೊಂದರೆಗಳಿಗೆ ಕಾರಣವೂ ಎರಡು. ಬಿಳಿಚಿಕೊಂಡದ್ದು ಹವೆಯಿಂದ, ಸಿಪ್ಪೆ ಎದ್ದದ್ದು ಪ್ರೈಮರಿನಿಂದ, ಅಂದರೆ ಬಣ್ಣದ ಕೆಳಗೆ ತಳಪದರವಾಗಿ ಹಚ್ಚಿದ ರೆಡ್ ಆಕ್ಸೈಡಿನಿಂದ.

ಈ ಕಾರುಗಳ ಮೈ ಕಬ್ಬಿಣದ್ದಲ್ಲ. ಸತುವಿಗೆ ಶೇಕಡಾ 4ರಷ್ಟು ಅಲ್ಯೂಮಿನಿಯಂ ಮತ್ತು ಅತ್ಯಲ್ಪ ಮೆಗ್ನೀಸಿಯಂ, ಕೆಲವೊಮ್ಮೆ ತಾಮ್ರವನ್ನೂ ಬೆರೆಸಿ ಅಚ್ಚಿಗೆ ಒತ್ತಿ ಎರಕ ಹೊಯ್ದದ್ದು. ರೆಡ್ ಆಕ್ಸೈಡ್ ಕಬ್ಬಿಣಕ್ಕೆಂದೇ ಇರುವ ಎಣ್ಣೆಯಂಶದ ಪ್ರೈಮರು. ತೇವವಿದ್ದಲ್ಲಿ ಅದರ ಎಣ್ಣೆಯಂಶವು ಸತುವಿನೊಡನೆ ಸೇರಿ ಸಾಬೂನಿನಂಥ ತೆಳುಪದರವಾಗುವುದರಿಂದ, ಮೇಲಿನ ಬಣ್ಣ ಎಷ್ಟೇ ಒಳ್ಳೆಯದಾಗಿದ್ದರೂ ಬುಡ ಸಡಿಲವಾಗುತ್ತದೆ. ಗೇಟಿಗೆ ಸರಿಯಾದದ್ದು ಕಾರಿಗೆ ಸರಿಯಲ್ಲ, ಅಷ್ಟೆ.

ಮತ್ತೆ ಮೊದಲಿನಿಂದ ಮಾಡಿ. ಕಾರನ್ನು ಮಗುಚಿ, ತಳವನ್ನು ಹಿಡಿದಿರುವ ರಿವೆಟ್ಟಿನ ತಲೆಯನ್ನು ಸಣ್ಣ ಡ್ರಿಲ್ಲಿನಿಂದ ಕೊರೆದು ತೆಗೆದರೆ ಗಾಜು, ಸೀಟು, ಚಕ್ರ ಎಲ್ಲವೂ ಬಿಡಿಯಾಗಿ ಬರುತ್ತವೆ. ಪ್ಲಾಸ್ಟಿಕ್ಕಿಗೆ ಪೇಂಟ್ ರಿಮೂವರ್ ಸೋಕಬಾರದು. ಲೋಹದ ಮೈಗೆ ಮಾತ್ರ ಅದನ್ನು ಹಚ್ಚಿ, ಬಣ್ಣ ಸುಕ್ಕುಗಟ್ಟಿದ ಮೇಲೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೊಳೆಯಿರಿ. ಕೈಗವಸು ಬೇಕು, ಕೆಲಸ ಬಯಲಿನಲ್ಲೇ ಆಗಬೇಕು. ಕಾಸ್ಟಿಕ್ ಸೋಡಾದ ನೀರಿನಲ್ಲಿ ನೆನೆಸುವವರೂ ಇದ್ದಾರೆ; ಅದು ಸತುವನ್ನೇ ತಿಂದು ಮೈಯನ್ನು ಕಪ್ಪಾಗಿಸುತ್ತದೆಯಾದ್ದರಿಂದ ನಾನು ಒಪ್ಪುವುದಿಲ್ಲ.

ಎರಕದ ಅಚ್ಚಿನ ಎರಡು ಭಾಗಗಳು ಕೂಡಿದಲ್ಲಿ ಉಳಿದ ಏಣನ್ನು ಸಣ್ಣ ಅರದಿಂದ ಇಳಿಸಿ, 400 ನಂಬರಿನ ವಾಟರ್ ಪೇಪರಿನಿಂದ, ಬಳಿಕ 600ರಿಂದ, ನೀರು ಹಾಕುತ್ತಾ ಉಜ್ಜಿರಿ. ಕನ್ನಡಿಯಂತೆ ಹೊಳೆಯಿಸಬೇಡಿ, ಪ್ರೈಮರಿಗೆ ಹಿಡಿತ ಸಿಗುವುದೇ ಆ ಸಣ್ಣ ಗೀರುಗಳಲ್ಲಿ. ಪಾತ್ರೆ ಸೋಪಿನಿಂದ ತೊಳೆದು ಮೈಮೇಲೆ ನೀರು ಸುರಿದು ನೋಡಿ. ಕೆಸುವಿನ ಎಲೆಯ ಮೇಲಿನಂತೆ ನೀರು ಹನಿಹನಿಯಾಗಿ ಉರುಳಿದರೆ ಜಿಡ್ಡು ಇನ್ನೂ ಇದೆ. ಒಂದೇ ಪದರವಾಗಿ ಹರಡಿ ನಿಂತರೆ ಶುದ್ಧವಾಗಿದೆ. ಅಲ್ಲಿಂದ ಮುಂದೆ ಬರಿಗೈಯಲ್ಲಿ ಮುಟ್ಟಬೇಡಿ.

ವಾಹನಗಳ ಬಣ್ಣ ಮಾರುವ ಅಂಗಡಿಗಳಲ್ಲಿ ಎಚ್ (etch) ಪ್ರೈಮರ್ ಎಂದು ಕೇಳಿ. ಅದರಲ್ಲಿನ ಆಮ್ಲದ ಅಂಶ ಲೋಹವನ್ನು ತುಸು ಕೊರೆದು ಅಂಟಿಕೊಳ್ಳುತ್ತದೆ. ಡಬ್ಬಿಯನ್ನು ಚೆನ್ನಾಗಿ ಕುಲುಕಿ, ಸುಮಾರು ಒಂದು ಗೇಣು ದೂರದಿಂದ, ಕಾರಿನ ಮೂತಿಗಿಂತ ಮೊದಲೇ ಒತ್ತಿ ಬಾಲ ದಾಟಿದ ಮೇಲೆ ಬಿಡುತ್ತಾ, ತೆಳ್ಳಗೆ ಎರಡು ಸಲ ಹೊಡೆದರೆ ಸಾಕು. ದಪ್ಪವಾದರೆ ಬಾಗಿಲಿನ ಗೆರೆಗಳು ಮುಚ್ಚಿಹೋಗುತ್ತವೆ. ಒಂದು ಇಡೀ ದಿನ ಒಣಗಲಿ.

ಇನ್ನು ಬಿಳಿಚಿದ್ದರ ಮಾತು. ಬಣ್ಣದೊಳಗಿನ ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಹಸಿ ಬಣ್ಣದ ಮೇಲೆ ಇಬ್ಬನಿಯಂತೆ ಕೂರುತ್ತದೆ. ನಿಮ್ಮೂರಿನ ಜುಲೈ ಮಳೆಯಲ್ಲಿ ಬೇರೇನಾದೀತು? ಡಿಸೆಂಬರಿನಲ್ಲಿ ಅಥವಾ ಜನವರಿಯಲ್ಲಿ, ಕಣದಲ್ಲಿ ಕಾಫಿ ಹರವುವಂಥ ಬಿಸಿಲಿನ ದಿನ, ಬೆಳಗಿನ ಮಂಜು ಪೂರ್ತಿ ಕರಗಿದ ಮೇಲೆ ನೆರಳಿನಲ್ಲಿ ಹೊಡೆಯಿರಿ. ಮಳೆಗಾಲದಲ್ಲಿ ಬಟ್ಟೆ ಆರಿಸಿದಂತೆ ಬಚ್ಚಲೊಲೆಯ ಹತ್ತಿರ ಒಣಗಿಸುವ ಯೋಚನೆ ಬೇಡ. ಸ್ಪ್ರೇ ಡಬ್ಬಿಗೂ ಹಸಿ ಬಣ್ಣಕ್ಕೂ ಬೆಂಕಿ ಬಲುಬೇಗ ಹಿಡಿಯುತ್ತದೆ.

ಪ್ರಶ್ನೆ: ಅಜ್ಜನ ಕಾಲದ ಆಟದ ಕಾರೊಂದು ತಾನಾಗಿಯೇ ಬಿರುಕು ಬಿಟ್ಟು ಉಬ್ಬುತ್ತಿದೆ. ಯಾವ ಪ್ರೈಮರ್ ಹಚ್ಚಲಿ?
– ಚಿಕ್ಕಮಗಳೂರಿನ ಓದುಗರು

ಉತ್ತರ: ಯಾವುದೂ ಬೇಡ. ಹಳೆಯ ಎರಕದ ಸತುವಿನಲ್ಲಿ ಸೀಸದಂಥ ಕಲ್ಮಶ ಸೇರಿದ್ದರೆ, ತೇವದಿಂದಾಗಿ ಲೋಹವು ಕಣಕಣಗಳ ನಡುವೆ ಒಳಗಿಂದಲೇ ಕೊರೆದುಹೋಗುತ್ತದೆ. 1929ರಲ್ಲಿ ಅತಿ ಶುದ್ಧ ಸತುವಿನ ಮಿಶ್ರಲೋಹಗಳು ಬಂದ ಮೇಲೂ ಎಲ್ಲ ತಯಾರಕರೂ ಆ ಶುದ್ಧತೆಯನ್ನು ಕಾಯ್ದುಕೊಳ್ಳಲಿಲ್ಲ. ಇದಕ್ಕೆ ಮದ್ದಿಲ್ಲ. ಉಜ್ಜಿದರೆ ಕೈಯಲ್ಲೇ ಪುಡಿಯಾದೀತು. ಇದು ಒಂದರಿಂದ ಇನ್ನೊಂದಕ್ಕೆ ಅಂಟುವ ರೋಗವಲ್ಲವಾದ್ದರಿಂದ ಪಕ್ಕದ ಕಾರುಗಳ ಬಗ್ಗೆ ಹೆದರಬೇಡಿ; ಇದನ್ನು ಒಣ ಜಾಗದ ಗಾಜಿನ ಕಪಾಟಿನಲ್ಲಿ, ಇದ್ದ ಹಳೆಯ ಬಣ್ಣದಲ್ಲೇ ಇಡಿ.