ಅಡಿಕೆ ಕೊಯ್ಲು ಮುಗೀಲಿ ಅಂತ

ಇವರನ್ನು ಸಾವಿತ್ರಮ್ಮ ಎಂದು ಕರೆಯುತ್ತೇನೆ. ಹೆಸರು, ಊರು, ಗುರುತು ಸಿಗುವಂಥ ವಿವರ ಎಲ್ಲ ಬದಲಿಸಿದ್ದೇನೆ. ವಯಸ್ಸು 46. ತುಮಕೂರು ಕಡೆಯ ಅಡಿಕೆ ತೋಟದ ಮನೆ. ಬಲಗಡೆ ಸ್ತನದಲ್ಲಿ ಗಂಟು. ಸೂಜಿಯಿಂದ ಗಂಟಿನ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿಗೆ ಒಪ್ಪುತ್ತಿಲ್ಲ ಎಂದು ವೈದ್ಯರು ನನ್ನ ಹತ್ತಿರ ಕಳಿಸಿದ್ದರು. ರೋಗಿಗಳ ಜೊತೆ, ಮನೆಯವರ ಜೊತೆ ಕೂತು ಮಾತಾಡುವ ಕೆಲಸ ನನ್ನದು. ಜೊತೆಗೆ ಮಗಳಿದ್ದಳು.

"ಗಂಟು ಯಾವಾಗ ಕೈಗೆ ಸಿಕ್ಕಿತಮ್ಮ?" ಎಂದೆ.

"ಗೌರಿ ಹಬ್ಬದ ದಿನ ಮೇಡಂ, ತಲೆಗೆ ನೀರು ಹಾಕ್ಕೊಳ್ಳುವಾಗ. ಆಗ ಅಡಿಕೆಯಷ್ಟಿತ್ತು."

ಅವತ್ತು ಅಣ್ಣ ತವರಿಂದ ಬಾಗಿನ ತಂದಿದ್ದರು. ಹಬ್ಬದ ಮನೆಯಲ್ಲಿ ಯಾಕೆ ಹೇಳೋದು ಅಂತ ಸುಮ್ಮನಾದರು. ಆಮೇಲೆ ಕೊಯ್ಲು ಶುರುವಾಯಿತು, ಆಳುಗಳಿಗೆ ಅಡುಗೆ ಮಾಡಬೇಕಿತ್ತು. ಅತ್ತೆಗೆ ಮಂಡಿನೋವು, ಅವರನ್ನು ಮಾತ್ರ ತಪ್ಪದೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಸಂಕ್ರಾಂತಿ ಕಳೆದ ಮೇಲೆ ಮಗಳಿಗೆ ಗಂಡು ಗೊತ್ತಾಯಿತು. ನಾನು ಅವರನ್ನು ನೋಡಿದ್ದು ಯುಗಾದಿ ಕಳೆದ ವಾರ. ಗಂಟು ನಿಂಬೆಹಣ್ಣಿನಷ್ಟಾಗಿತ್ತು, ಮೇಲಿನ ಚರ್ಮ ಒಳಗೆ ಎಳೆದುಕೊಂಡಿತ್ತು. ಅಮ್ಮ ರವಿಕೆಯೊಳಗೆ ಬಟ್ಟೆ ಮಡಿಸಿ ಇಟ್ಟುಕೊಳ್ಳುವುದನ್ನು ಕಂಡು ಮಗಳೇ ಹಠ ಮಾಡಿ ಕರೆತಂದಿದ್ದಳು.

"ಏನಿರಬಹುದು ಅಂತ ಅನುಮಾನ ಬಂದಿತ್ತಾ?"

"ಮೊದಲ ದಿನಾನೇ ಬಂತು."

ಈ ಉತ್ತರ ನನಗೆ ಹೊಸದಲ್ಲ. ಟೀಚರುಗಳು, ಬ್ಯಾಂಕಿನಲ್ಲಿ ಕೆಲಸ ಮಾಡುವವರೂ ಇದನ್ನೇ ಹೇಳಿದ್ದಾರೆ. ಹೆಂಗಸರಿಗೆ ತಿಳಿವಳಿಕೆ ಇಲ್ಲ, ಅದಕ್ಕೇ ತಡ ಮಾಡುತ್ತಾರೆ ಎನ್ನುವ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಮನೆಯಲ್ಲಿ ಎಲ್ಲರ ಸರದಿ ಮುಗಿದ ಮೇಲೆ ತನ್ನದು ಅಂತ ಇವರು ಕಾಯುತ್ತಾರೆ. ಆ ಸರದಿ ಮುಗಿಯುವುದೇ ಇಲ್ಲ. "ಇಷ್ಟು ದಿನ ಏನು ಮಾಡ್ತಿದ್ರಿ?" ಎಂದು ಬೈದರಂತೂ ಬಂದವರೂ ವಾಪಸ್ ಹೋಗುತ್ತಾರೆ. ಆ ಪ್ರಶ್ನೆಯನ್ನು ನಾನು ಯಾರಿಗೂ ಕೇಳುವುದಿಲ್ಲ.

ಮಗಳನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿದೆ. ಆಗ ನಿಜವಾದ ಭಯ ಹೊರಗೆ ಬಂತು. "ಈ ಕಾಯಿಲೆ ಹೆಸರು ಹೊರಗೆ ಬಿದ್ದರೆ ಮಗಳ ಸಂಬಂಧ ಮುರಿದು ಬೀಳತ್ತೆ ಮೇಡಂ. ತಾಯಿಗಿದ್ರೆ ಮಗಳಿಗೂ ಬರತ್ತೆ ಅಂತಾರೆ. ಮದುವೆ ಆಗೋವರೆಗೆ ತಡ್ಕೋತೀನಿ. ನೋವೇನೂ ಇಲ್ಲ." ಸೂಜಿ ಚುಚ್ಚಿದರೆ ಮೈಯೆಲ್ಲ ಹರಡುತ್ತೆ ಅಂತ ಪಕ್ಕದ ಮನೆಯವರು ಹೇಳಿದ್ದರು, ಆ ಹೆದರಿಕೆ ಬೇರೆ.

ನಾನು ಸೂಜಿಯ ವಿಷಯದಿಂದ ಶುರು ಮಾಡಿದೆ. ಬಯಾಪ್ಸಿಯಿಂದ ಕ್ಯಾನ್ಸರ್ ಹರಡುವುದಿಲ್ಲ. ಗಂಟು ಎಂಥದ್ದು ಎಂದು ತಿಳಿಯದೆ ಸರಿಯಾದ ಔಷಧಿ ಕೊಡಲು ಆಗುವುದಿಲ್ಲ. ನೋವಿಲ್ಲ ಎನ್ನುವುದನ್ನು ಧೈರ್ಯ ಅಂದುಕೊಳ್ಳಬೇಡಿ ಎಂದೆ. ಸ್ತನದ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ, ಆದರೆ ಕ್ಯಾನ್ಸರ್ ಆದ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ. ಸ್ತನ ಕ್ಯಾನ್ಸರ್ ಬಂದ 100 ಜನರಲ್ಲಿ ವಂಶದಿಂದ ಬರುವುದು ಸುಮಾರು 5ರಿಂದ 10 ಜನಕ್ಕೆ ಮಾತ್ರ. ಗಂಡಸು ಡಾಕ್ಟರ ಮುಂದೆ ಸಂಕೋಚವಾದರೆ ಮಹಿಳಾ ವೈದ್ಯರು ಬೇಕೆಂದು ಕೇಳಬಹುದು, ಜೊತೆಗೆ ನರ್ಸ್ ಇರಲಿ ಎನ್ನಬಹುದು.

ಮದುವೆಯ ವಿಷಯಕ್ಕೆ ನನ್ನ ಹತ್ತಿರ ಸುಲಭದ ಉತ್ತರ ಇರಲಿಲ್ಲ. ಸಂಬಂಧ ಮುರಿಯುವುದಿಲ್ಲ ಎಂದು ನಾನು ಹೇಗೆ ಭರವಸೆ ಕೊಡಲಿ? "ಇದು ನಿಮ್ಮೊಬ್ಬರೇ ಹೊರುವ ಗುಟ್ಟಲ್ಲ. ಮಗಳಿಗೆ ಹೇಳಿ, ಯಜಮಾನರಿಗೆ ಹೇಳಿ. ಬೀಗರಿಗೆ ಹೇಳಬೇಕೋ ಬೇಡವೋ ಮಗಳು ತೀರ್ಮಾನ ಮಾಡಲಿ. ಬಯಾಪ್ಸಿ ಮಾತ್ರ ಇವತ್ತೇ ಆಗಲಿ" ಎಂದೆ. ಬಾಗಿಲು ತೆಗೆದಾಗ ಮಗಳು ಕೇಳಿದ ಮೊದಲ ಮಾತು, "ನನ್ನ ಮದುವೆಗೋಸ್ಕರ ಮುಚ್ಚಿಟ್ಯಾ ಅಮ್ಮ?"

ಬಯಾಪ್ಸಿ ಅವತ್ತೇ ಆಯಿತು. ವರದಿ ನಾವು ಹೆದರಿದಂತೆಯೇ ಬಂತು. ಮೊದಲು ಕಿಮೋ, ಅಂದರೆ ಕ್ಯಾನ್ಸರ್ ಕೊಲ್ಲುವ ಔಷಧಿ, ಕೊಟ್ಟು ಗಂಟು ಕುಗ್ಗಿಸಿ, ಆಮೇಲೆ ಆಪರೇಷನ್ ಎಂದು ವೈದ್ಯರು ನಿರ್ಧರಿಸಿದರು. ಗಂಡ ಬಂದ ದಿನ ನಾನು ಅವರಿಗೆ ಹೇಳಿದ್ದು ಮನೆಕೆಲಸದ ಬಗ್ಗೆಯೇ ಜಾಸ್ತಿ. ಕಿಮೋ ಆದ ವಾರ ಒಲೆ ಯಾರು ಹಚ್ಚುತ್ತಾರೆ, ಅತ್ತೆಯ ಮಾತ್ರೆ ಯಾರು ಕೊಡುತ್ತಾರೆ, ಇದು ಈಗಲೇ ಗೊತ್ತಾಗಬೇಕು, ಇಲ್ಲದಿದ್ದರೆ ಇವರು ಮೂರನೇ ಕಿಮೋಗೆ ಬರುವುದಿಲ್ಲ ಎಂದೆ. ಬಿಪಿಎಲ್ ಕಾರ್ಡ್ ಇತ್ತು. ಸರ್ಕಾರದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಅಂಥ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ, ಅದಕ್ಕೆ ಅರ್ಜಿ ಹಾಕಿಸಿದೆವು. ಮಗಳಿಗೆ ಒಂದು ಮಾತು ಬೇರೆಯಾಗಿ ಹೇಳಿದೆ: ಅಮ್ಮನಿಗೆ 50ಕ್ಕೆ ಮುಂಚೆಯೇ ಬಂದಿರುವುದರಿಂದ ವಂಶವಾಹಿ ಪರೀಕ್ಷೆ ಬೇಕಾ ಎಂದು ವೈದ್ಯರನ್ನು ಕೇಳು.

ಇದನ್ನು ಓದುತ್ತಿರುವ ನಿಮ್ಮಲ್ಲಿ ಯಾರಿಗಾದರೂ ಗಂಟು ಕೈಗೆ ಸಿಕ್ಕಿದ್ದರೆ, ತೊಟ್ಟು ಒಳಕ್ಕೆ ಹೋಗಿದ್ದರೆ, ತೊಟ್ಟಿನಿಂದ ರಕ್ತದಂಥ ದ್ರವ ಬಂದಿದ್ದರೆ, ಈ ವಾರವೇ ತೋರಿಸಿ. ಶುರುವಿನಲ್ಲೇ ಸಿಕ್ಕಿದರೆ ಎಷ್ಟೋ ಸಲ ಸ್ತನ ಉಳಿಸಿಕೊಂಡು ಗಂಟು ಮಾತ್ರ ತೆಗೆಯಬಹುದು.

ಮಗಳು ಹುಡುಗನಿಗೆ ತಾನೇ ಫೋನ್ ಮಾಡಿ ಹೇಳಿದಳು. ಮನೆಯವರನ್ನು ಕೇಳಿ ಹೇಳುತ್ತೇನೆ ಎಂದನಂತೆ. ಅಲ್ಲಿಂದ ಇನ್ನೂ ಉತ್ತರ ಬಂದಿಲ್ಲ. ಸಾವಿತ್ರಮ್ಮನ ಎರಡನೇ ಕಿಮೋ ಸೋಮವಾರ, ಗಂಡ ರಜೆ ಹೇಳಿದ್ದಾರೆ, ಬರುತ್ತಾರೆ.