ನಿಮ್ಮ ತಾಮ್ರದ ಲೇಖನ ಓದಿದೆ

ನಮಸ್ಕಾರ,

‘ತಾಮ್ರ: ಅಮೃತವೋ ವಿಷವೋ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕೋಕೆ ಆಗಲ್ಲ. ಆದರೆ ಕೈಬಿಡಬೇಡಿ, ವಿಷಯ ತುಂಬಾ ಚೆನ್ನಾಗಿದೆ.

ಮೊದಲ ಎರಡು ಪುಟ ಅಜ್ಜಿ ಮನೆಯ ಚೊಂಬಿನ ಬಗ್ಗೆಯೇ ಇದೆ. ತೆಗೆಯಿರಿ. ಆಮೇಲೆ ಒಂದೇ ಪ್ಯಾರಾದಲ್ಲಿ ಒಂಬತ್ತು ಪ್ರೋಟೀನ್‌ಗಳ ಹೆಸರು ಸುರಿದಿದ್ದೀರಿ, ಒಂದು ಏನು ಮಾಡುತ್ತದೆ ಅಂತ ತಿಳಿಯುವ ಮೊದಲೇ ಇನ್ನೊಂದು ಬಂದುಬಿಡುತ್ತದೆ. ಅದರ ಬದಲು ಒಂದು ತಾಮ್ರದ ಅಯಾನಿನ (ವಿದ್ಯುದಾವೇಶ ಹೊತ್ತ ಕಣದ) ಬೆನ್ನು ಹಿಡಿಯಿರಿ. ಲಿವರ್ ಕೋಶದ ಬಾಗಿಲಲ್ಲಿ ಸಿಟಿಆರ್1 ಎಂಬ ಪ್ರೋಟೀನ್ ಅದನ್ನು ಒಳಗೆ ಬಿಡುತ್ತದೆ, ಎಟಾಕ್ಸ್1 ಎಂಬ ಇನ್ನೊಂದು ಅದನ್ನು ಎಟಿಪಿ7ಬಿ ಎಂಬ ಮತ್ತೊಂದರ ಕೈಗೆ ಒಪ್ಪಿಸುತ್ತದೆ, ಎಟಿಪಿ7ಬಿ ಹೆಚ್ಚಾದ ತಾಮ್ರವನ್ನು ಪಿತ್ತರಸದತ್ತ ಸಾಗಿಸುತ್ತದೆ. ದಾರಿಯುದ್ದಕ್ಕೂ ಕಾವಲು!

ಈ ಎಟಿಪಿ7ಬಿ ಕೆಟ್ಟರೆ ಬರುವುದೇ ವಿಲ್ಸನ್ ಕಾಯಿಲೆ. ಲಿವರ್, ಮಿದುಳಿನಲ್ಲಿ ತಾಮ್ರ ತುಂಬಿಕೊಳ್ಳುತ್ತದೆ, ಎಷ್ಟೋ ಜನರಿಗೆ ಕಣ್ಣಿನ ಕಾರ್ನಿಯಾದ ಅಂಚಿನಲ್ಲಿ ಕಂದು-ಹಸಿರು ಉಂಗುರ ಕಾಣುತ್ತದೆ. ನೀವು ಇದನ್ನು ತಾಮ್ರದ ಪಾತ್ರೆಯಿಂದ ಬರುತ್ತದೆ ಅಂತ ಬರೆದಿದ್ದೀರಿ. ತಪ್ಪು. ತಂದೆ-ತಾಯಿ ಇಬ್ಬರಿಂದಲೂ ಕೆಟ್ಟ ಜೀನ್ ಬಂದಾಗ ಆಗುವ ಕಾಯಿಲೆ ಇದು. ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಕಾಯಿಸಿಟ್ಟ ಹಾಲಿನ ಜೊತೆ ನಂಟು ಕಂಡದ್ದು ಬೇರೆಯದಕ್ಕೆ, ಹಿಂದೆ ನಮ್ಮ ದೇಶದ ಎಳೆ ಮಕ್ಕಳಲ್ಲಿ ಕಾಣುತ್ತಿದ್ದ ಲಿವರ್ ಸಿರೋಸಿಸ್‌ಗೆ. ನೀವು ಎರಡನ್ನೂ ಬೆರೆಸಿದ್ದೀರಿ. ಆ ಸಾಲು ಓದಿ ಯಾವುದೋ ತಾಯಿ ಸುಮ್ನೆ ತನ್ನನ್ನೇ ದೂರಿಕೊಳ್ಳಬಹುದು, ಅಲ್ವಾ? ಇದೊಂದರಲ್ಲಿ ನಾನು ಸಡಿಲ ಬಿಡುವುದಿಲ್ಲ.

ಇನ್ನು ಕೊನೆಯ ನಾಲ್ಕು ಸಾಲಲ್ಲಿ ಹೇಳಿ ಮುಗಿಸಿದ ಪ್ರೋಟೀನ್ ಎಫ್‌ಡಿಎಕ್ಸ್1. ನನ್ನ ಮಟ್ಟಿಗೆ ಲೇಖನ ಅಂದರೆ ಅದೇ. 2022ರಲ್ಲಿ ವಿಜ್ಞಾನಿಗಳು ಕುಪ್ರಾಪ್ಟೋಸಿಸ್ ಅಂತ ಹೆಸರಿಟ್ಟ, ತಾಮ್ರದಿಂದ ಕೋಶ ಸಾಯುವ ಬಗೆಯಲ್ಲಿ ಅದರ ಕೈವಾಡ ಇದೆ. ಎಲೆಸ್ಕ್ಲೋಮೋಲ್ ಎಂಬ ಔಷಧದ ಬೆನ್ನೇರಿ ತಾಮ್ರ ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾಕ್ಕೆ ನುಗ್ಗಿದಾಗ, ಡಿಎಲ್‌ಎಟಿಯಂಥ ಪ್ರೋಟೀನ್‌ಗಳ ಮೇಲಿನ ಲಿಪೋಯಿಕ್ ಆಮ್ಲದ ಬಾಲಕ್ಕೆ ಕಚ್ಚಿಕೊಳ್ಳುತ್ತದೆ, ಅವು ಮುದ್ದೆಗಟ್ಟುತ್ತವೆ, ಕೋಶ ಸಾಯುತ್ತದೆ. ಆ ಬಾಲ ಅಂಟಿಸೋಕೆ ಎಫ್‌ಡಿಎಕ್ಸ್1 ಬೇಕು. ಅದನ್ನು ತೆಗೆದ ಕೋಶಗಳು ಔಷಧವನ್ನು ಎಷ್ಟೋ ಜಾಸ್ತಿ ತಡೆದುಕೊಂಡವು. ಒಂದು ಪ್ರೋಟೀನ್ ಇಲ್ಲದಿದ್ದರೆ ತಾಮ್ರ ಕೊಲ್ಲುತ್ತದೆ, ಇನ್ನೊಂದು ಇದ್ದರೆ ಕೊಲ್ಲುತ್ತದೆ. ಇಂಥದ್ದನ್ನು ಕೊನೆಗೆ ತಳ್ಳೋದಾ?

ಅಲ್ಲಿಂದಲೇ ಶುರುಮಾಡಿ, 800 ಪದ ಸಾಕು. ‘ಮುದ್ದೆಗಟ್ಟು’ ನಿಮ್ಮದೇ ಪದ, ಉಳಿಸಿಕೊಳ್ಳಿ. ಅದರ ಪಕ್ಕದ ‘ಸಂಗ್ರಥನ ಪ್ರಕ್ರಿಯೆ’ ಬೇಡ. ತಿದ್ದಿ ಕಳಿಸಿ, ಕಾಯುತ್ತಿರುತ್ತೇನೆ.