ಗೂಗಲ್‌ನಲ್ಲಿ ನನ್ನ ಬ್ಲಾಗ್ ಬರುತ್ತಿತ್ತು, ನನ್ನ ಬರಹ ಬರುತ್ತಿರಲಿಲ್ಲ

ಬ್ಲಾಗಿನ ಹೆಸರು ಹುಡುಕಿದರೆ ಮೊದಲಿಗೇ ಬರುತ್ತದೆ, ಹಾಗಾದರೆ ಎಲ್ಲ ಬರಹಗಳೂ ಸಿಗುತ್ತಿವೆ ಅಂತ ಅಲ್ವಾ, ನೂರು ಸರ್ಚ್ ಎಂಜಿನ್‌ಗಳಿಗೆ ಸೇರಿಸಿಕೊಡುತ್ತೇವೆ ಎನ್ನುವವರಿಗೆ ದುಡ್ಡು ಕೊಡಲಾ ಎಂದು ಕೇಳಿದ್ದೀರಿ. ದುಡ್ಡಿನ ಮಾತು ಆಮೇಲೆ. ಮೊದಲನೆಯದನ್ನು ನಾನು ಹದಿನಾಲ್ಕು ತಿಂಗಳು ನಂಬಿಕೊಂಡು ಕೂತಿದ್ದೆ.

ನನ್ನದು ಶಿರಸಿ ಕಡೆ ಅಡಿಕೆ ತೋಟ. ತೋಟದ ಕೆಲಸದ ಬಗ್ಗೆಯೇ ಬರೆಯುತ್ತೇನೆ: ಕೊಳೆ ಔಷಧಿ, ಕಾಳುಮೆಣಸಿನ ಸೊರಗು ರೋಗ, ಹಿಪ್ಪಲಿ ಗಿಡಕ್ಕೆ ಮೆಣಸಿನ ಕಸಿ, ಇಂಥವು. ಮೊದಲು ಬ್ಲಾಗ್‌ಸ್ಪಾಟ್‌ನಲ್ಲಿ ಬರೆಯುತ್ತಿದ್ದೆ. 2021ರ ಮಾರ್ಚ್‌ನಲ್ಲಿ ಅಕ್ಕನ ಮಗ ರಜೆಗೆ ಬಂದವನು, "ಮಾವ, ಸ್ವಂತ ವಿಳಾಸ ತಗೋ, ಚೆನ್ನಾಗಿರುತ್ತೆ" ಎಂದು ಹೇಳಿ ವರ್ಡ್‌ಪ್ರೆಸ್‌ನಲ್ಲಿ ಹೊಸದು ಮಾಡಿಕೊಟ್ಟ. ಹಳೆಯ ಬರಹಗಳನ್ನೆಲ್ಲ ಅಲ್ಲಿಗೆ ತಂದ. ಬ್ಲಾಗಿನ ಹೆಸರು ಅದೇ ಇತ್ತು. ಹಳೆಯ ಬ್ಲಾಗನ್ನು ಹಾಗೇ ಬಿಟ್ಟೆವು. ಅದೇನು ಅನ್ನ ಕೇಳುತ್ತದೆಯೇ, ಇರಲಿ ಅಂತ.

ಹಾಗೆ ತರುವಾಗ ಒಂದು ತಪ್ಪು ಕಣ್ಣಿಗೆ ಬಿತ್ತು. ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ನಾನು ಹಳೆಯ ಬರಹದಲ್ಲಿ 10 ಲೀಟರ್ ಎಂದು ಕುಟ್ಟಿದ್ದೆ. ಒಂದು ಸೊನ್ನೆ ಬಿಟ್ಟುಹೋಗಿತ್ತು. 10 ಲೀಟರಿಗೆ ಕಲಸಿದರೆ ಅದು ಕಾಂಡಕ್ಕೆ ಬಳಿಯುವ ಮುಲಾಮು, ಹೊಡೆಯುವ ಔಷಧಿ ಅಲ್ಲ. ಹೊಸ ಬ್ಲಾಗಿನಲ್ಲಿ ತಿದ್ದಿದೆ. ಹಳೆಯದರಲ್ಲಿ ತಿದ್ದಲಿಲ್ಲ. ಅದನ್ನು ಇನ್ನು ಯಾರು ಓದುತ್ತಾರೆ ಅನ್ನಿಸಿತು.

2022ರ ಮೇ ಕೊನೆ. ಮಳೆಗೆ ಮುಂಚಿನ ಔಷಧಿ ಹೊಡೆಸುವ ಗಡಿಬಿಡಿ. ತೀರ್ಥಹಳ್ಳಿ ಕಡೆಯಿಂದ ಒಬ್ಬರ ಫೋನ್. ಕೊರೊನಾ ಕಾಲದಲ್ಲಿ ಬೆಂಗಳೂರಿನ ಕೆಲಸ ಬಿಟ್ಟು ಅಪ್ಪನ ತೋಟಕ್ಕೆ ಬಂದವರಂತೆ. "ಮಾರಾಯ್ರೇ, ನೀವು ಬರೆದದ್ದು ಔಷಧಿಯೋ, ಗೋಡೆಗೆ ಬಳಿಯೋ ಸುಣ್ಣವೋ?" ಔಷಧಿ ಹೊಡೆಯುವ ನಾಜಲ್ ಕಟ್ಟಿಹೋಗಿ, ಮರ ಹತ್ತಿದವನೇ ಇಳಿದು ಬಂದು "ಇದು ನಡೆಯೋದಲ್ಲ" ಅಂದನಂತೆ. ಮೈಲುತುತ್ತದ ದುಡ್ಡು, ಒಂದು ದಿನದ ಕೂಲಿ ಎರಡೂ ದಂಡ. ಮರ ಹತ್ತಿ ಔಷಧಿ ಹೊಡೆಯುವವರಿಗೆ ನಮ್ಮ ಕಡೆ ಕೊನೆಗೌಡ ಅನ್ನುತ್ತೇವೆ. ಸೀಸನ್ನಿನಲ್ಲಿ ಅವರ ಒಂದು ದಿನ ಸಿಗುವುದು ಎಷ್ಟು ಕಷ್ಟ ಅಂತ ತೋಟ ಇದ್ದವರಿಗೆ ಗೊತ್ತು.

"ನಾನು ನೂರು ಅಂತಲೇ ಬರೆದಿದ್ದೇನಲ್ಲ" ಎಂದು ನಾನೇ ವಾದಕ್ಕೆ ಇಳಿದೆ. ಅವರು ಲಿಂಕ್ ವಾಟ್ಸಾಪ್ ಮಾಡಿದರು. ನೋಡಿದರೆ ಬ್ಲಾಗ್‌ಸ್ಪಾಟ್! ಕೊನೆಯಲ್ಲಿ "ಬ್ಲಾಗ್-ಪೋಸ್ಟ್" ಎಂದು ಬರೆದು ಮುಂದೆ ಒಂದು ನಂಬರು. ಶೀರ್ಷಿಕೆ ಪೂರ್ತಿ ಕನ್ನಡದಲ್ಲಿದ್ದರೆ ಬ್ಲಾಗ್‌ಸ್ಪಾಟ್ ಆ ಅಕ್ಷರಗಳನ್ನೆಲ್ಲ ಬಿಟ್ಟು, ವಿಳಾಸಕ್ಕೆ ಇಂಥ ಬೋಳು ಹೆಸರು ಇಡುತ್ತದೆ. ಬ್ಲಾಗ್‌ಸ್ಪಾಟ್‌ನಲ್ಲಿ ಕನ್ನಡ ಬರೆದವರಿಗೆಲ್ಲ ಇದರ ಪರಿಚಯ ಇದ್ದೇ ಇದೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ. ಯಾಕೆಂದರೆ ನೀವು ಈಗ ಮಾಡುತ್ತಿರುವುದೂ ಇದನ್ನೇ.

ಹೊಸ ಬರಹ ಹಾಕಿದಾಗಲೆಲ್ಲ ನಾನು ಗೂಗಲ್‌ನಲ್ಲಿ ಬ್ಲಾಗಿನ ಹೆಸರು ಹುಡುಕುತ್ತಿದ್ದೆ. ಮೊದಲ ಸಾಲಿನಲ್ಲೇ ಬರುತ್ತಿತ್ತು. ದಪ್ಪ ಅಕ್ಷರದಲ್ಲಿ ನನ್ನ ಬ್ಲಾಗಿನ ಹೆಸರು. ಅದರ ಹತ್ತಿರವೇ ಸಣ್ಣ ಅಕ್ಷರದಲ್ಲಿ ವಿಳಾಸ. ನಾನು ಹೆಸರು ನೋಡಿದೆ, ವಿಳಾಸ ನೋಡಲಿಲ್ಲ. ಹದಿನಾಲ್ಕು ತಿಂಗಳಲ್ಲಿ ಒಮ್ಮೆಯೂ ನೋಡಲಿಲ್ಲ. ಅಷ್ಟೂ ದಿನ ಬರುತ್ತಿದ್ದದ್ದು ಹಳೆಯ ಮನೆ. ಹೊಸ ಮನೆಯ ಒಂದೇ ಒಂದು ಪುಟವೂ ಗೂಗಲ್‌ನಲ್ಲಿ ಇರಲಿಲ್ಲ. ಹೆಸರು ಬಂತು ಎಂದರೆ ಬ್ಲಾಗ್ ಬಂತು, ಬ್ಲಾಗ್ ಬಂತು ಎಂದರೆ ಬರಹವೂ ಬಂತು. ಇದು ನನ್ನ ಲೆಕ್ಕ. ಒಂದರಿಂದ ಒಂದಕ್ಕೆ ಹಾರಿದೆನೇ ಹೊರತು ನಡುವೆ ಒಮ್ಮೆಯೂ ಕೆಳಗೆ ನೋಡಲಿಲ್ಲ. ಇನ್ನೊಂದು ವಿಷಯ: ನನ್ನ ಬ್ಲಾಗಿನ ಹೆಸರು ಹುಡುಕುವವನು ನಾನೊಬ್ಬನೇ. ತೀರ್ಥಹಳ್ಳಿಯವರು ಹುಡುಕಿದ್ದು "ಮೈಲುತುತ್ತ ಸುಣ್ಣ ಪ್ರಮಾಣ" ಅಂತ.

ಹೊಸದು ಯಾಕೆ ಬರುತ್ತಿರಲಿಲ್ಲ ಅಂದರೆ ಒಂದು ಟಿಕ್. ವರ್ಡ್‌ಪ್ರೆಸ್‌ನಲ್ಲಿ ಸೆಟಿಂಗ್ಸ್, ಅದರೊಳಗೆ ರೀಡಿಂಗ್. ಅಲ್ಲಿ "ಡಿಸ್ಕರೇಜ್ ಸರ್ಚ್ ಎಂಜಿನ್ಸ್ ಫ್ರಮ್ ಇಂಡೆಕ್ಸಿಂಗ್ ದಿಸ್ ಸೈಟ್" ಎಂದು ಒಂದು ಚೌಕ ಇದೆ. ಸರ್ಚ್ ಎಂಜಿನ್‌ಗಳೇ, ಈ ಬ್ಲಾಗನ್ನು ನಿಮ್ಮ ಪಟ್ಟಿಗೆ ಸೇರಿಸಬೇಡಿ ಅಂತ ಅರ್ಥ. ಅರೆಬರೆ ಬ್ಲಾಗ್ ಯಾರಿಗೂ ಕಾಣದಿರಲಿ ಎಂದು ಹುಡುಗ ಟಿಕ್ ಹಾಕಿದ್ದ. ತೆಗೆಯುವುದು ಮರೆತು ಹಾಸ್ಟೆಲ್‌ಗೆ ಹೋದ. ಆ ಟಿಕ್ ಇದ್ದರೆ ಪ್ರತಿ ಪುಟದ ಒಳಗೂ "ನೋಇಂಡೆಕ್ಸ್", ಅಂದರೆ ಪಟ್ಟಿಗೆ ಸೇರಿಸಬೇಡ, ಎಂಬ ಚೀಟಿ ಅಂಟಿಕೊಂಡಿರುತ್ತದೆ. ಗೂಗಲ್ ಬರುತ್ತದೆ, ಚೀಟಿ ಓದುತ್ತದೆ, ವಾಪಸ್ ಹೋಗುತ್ತದೆ. ಅದರದ್ದೇನೂ ತಪ್ಪಿಲ್ಲ, ನಾವು ಹೇಳಿದ್ದನ್ನೇ ಕೇಳಿದೆ. ಹೊಟ್ಟೆ ಉರಿಯುವುದು ಎಲ್ಲಿ ಗೊತ್ತಾ? ಈ ಟಿಕ್ ಇದ್ದಾಗ ವರ್ಡ್‌ಪ್ರೆಸ್ ಡ್ಯಾಶ್‌ಬೋರ್ಡಿನ ಮೊದಲ ಪುಟದಲ್ಲೇ "ಸರ್ಚ್ ಎಂಜಿನ್ಸ್ ಡಿಸ್ಕರೇಜ್ಡ್" ಎಂದು ಬರೆದಿರುತ್ತದೆ. ದಿನಾ ಲಾಗಿನ್ ಆದಾಗ ಕಣ್ಣೆದುರೇ ಇತ್ತು. ಯಾವುದೋ ಜಾಹೀರಾತು ಅಂದುಕೊಂಡಿದ್ದೆ.

ಹಾಗಾಗಿ "ಬ್ಲಾಗ್ ಬರುತ್ತಿದೆಯೇ" ಎಂಬ ಪ್ರಶ್ನೆಯನ್ನೇ ಬಿಟ್ಟುಬಿಡಿ ಎನ್ನುತ್ತೇನೆ. ಯಾವ ಪುಟ, ಯಾವ ವಿಳಾಸದಲ್ಲಿ, ಯಾವ ಪದಕ್ಕೆ ಬರುತ್ತಿದೆ ಎಂದು ಕೇಳಿ.

ಕೈಯಳತೆಯ ಪರೀಕ್ಷೆ ಒಂದಿದೆ. ಬರಹದ ನಡುವಿನಿಂದ ಒಂದು ಸಾಲು ಕಾಪಿ ಮಾಡಿ, ಎರಡೂ ಬದಿಗೆ ಉದ್ಧರಣ ಚಿಹ್ನೆ ಹಾಕಿ ಹುಡುಕಿ. ಬಂದರೆ ವಿಳಾಸ ಓದಿ. ನಿಮ್ಮ ಸಾಲನ್ನು ಬೇರೆ ಯಾರಾದರೂ ಎತ್ತಿಕೊಂಡಿದ್ದರೆ ಅದೂ ಅಲ್ಲೇ ಗೊತ್ತಾಗುತ್ತದೆ. ಇನ್ನೊಂದು, ಇಂಗ್ಲಿಷಿನಲ್ಲಿ ಸೈಟ್ ಎಂದು ಬರೆದು, ಕೋಲನ್ ಹಾಕಿ, ಜಾಗ ಬಿಡದೆ ಬ್ಲಾಗಿನ ವಿಳಾಸ ಕೊಡುವುದು. ಏನೂ ಬರದಿದ್ದರೆ ಎಲ್ಲೋ ಎಡವಟ್ಟಾಗಿದೆ ಅಂತ ಅನುಮಾನ ಪಡಿ. ಆದರೆ ಅದು ತೋರಿಸುವ ಪಟ್ಟಿ ಪೂರ್ತಿ ಇರಲೇಬೇಕೆಂದಿಲ್ಲ. ಅಲ್ಲಿ ಕಾಣಲಿಲ್ಲ ಎಂದು ಒಂದೊಂದೇ ಬರಹಕ್ಕೆ ಅಳುತ್ತಾ ಕೂರಬೇಡಿ.

ನಂಬಬೇಕಾದ್ದು ಗೂಗಲ್ ಸರ್ಚ್ ಕನ್ಸೋಲ್ ಒಂದನ್ನೇ. ಬ್ಲಾಗ್ ಇರುವವರಿಗೆ ಗೂಗಲ್ಲೇ ಕೊಡುವ ಸಲಕರಣೆ ಅದು. ಪುಕ್ಕಟೆ. ಬ್ಲಾಗ್ ನಿಮ್ಮದೇ ಎಂದು ಸಾಬೀತು ಮಾಡಬೇಕು, ಅಷ್ಟೆ. ಬೋರ್ಡೋ ಮಾಡಿದ ಮೇಲೆ ನಾವು ಬಣ್ಣ ನೋಡಿ ಸುಮ್ಮನಾಗುವುದಿಲ್ಲ. ಹೊಳೆಯುವ ಕತ್ತಿ ಅದ್ದಿ ನೋಡುತ್ತೇವೆ. ಅಲಗಿಗೆ ಕೆಂಪು ಹತ್ತಿದರೆ ಸುಣ್ಣ ಸಾಲದು ಅಂತ. ಕನ್ಸೋಲಿನ ಮೇಲ್ಗಡೆ ಇರುವ ಉದ್ದ ಪೆಟ್ಟಿಗೆ ಅಂಥ ಕತ್ತಿ. ಬರಹದ ವಿಳಾಸ ಹಾಕಿದರೆ, ಗೂಗಲ್‌ನಲ್ಲಿ ಇದೆಯೋ ಇಲ್ಲವೋ, ಇಲ್ಲದಿದ್ದರೆ ಯಾಕೆ ಅಂತ ಹೇಳುತ್ತದೆ. ನನಗೆ "ನೋಇಂಡೆಕ್ಸ್" ಎಂದು ನೇರವಾಗಿ ಬಂತು. ಎರಡು ನಿಮಿಷದ ಕೆಲಸ. "ಡಿಸ್ಕವರ್ಡ್" ಎಂದಿದ್ದರೆ ಪುಟ ಇರುವುದು ಗೊತ್ತಾಗಿದೆ, ಗೂಗಲ್ ಇನ್ನೂ ಬಂದಿಲ್ಲ. "ಕ್ರಾಲ್ಡ್" ಎಂದು ಹೇಳಿ ಇಂಡೆಕ್ಸ್ ಆಗಿಲ್ಲ ಎಂದರೆ, ಬಂದು ಓದಿ ಸದ್ಯಕ್ಕೆ ಬೇಡ ಅಂದಿದೆ. ಆಗ ಸೇರಿಸಿಕೊಳ್ಳಿ ಎಂದು ಕೇಳುವ "ರಿಕ್ವೆಸ್ಟ್ ಇಂಡೆಕ್ಸಿಂಗ್" ಗುಂಡಿಯನ್ನು ಪದೇ ಪದೇ ಒತ್ತುವುದು ದಂಡ. ಬರಹವನ್ನೇ ಮತ್ತೊಮ್ಮೆ ನೋಡಿ.

ಅದೇ ಕನ್ಸೋಲಿನಲ್ಲಿ ಜನ ಯಾವ ಪದ ಹುಡುಕಿ ಬಂದರು ಎಂಬ ಪಟ್ಟಿ ಇದೆ, 16 ತಿಂಗಳವರೆಗಿನದು ಸಿಗುತ್ತದೆ. ನೀಲಿ ಬಣ್ಣದ ಬೋರ್ಡೋ ಬಗ್ಗೆ ನಾನು ಬರೆದ ಒಂದು ಬರಹಕ್ಕೆ "ಮಳೆಗೆ ಮುನ್ನ ಒಂದು ನೀಲಿ ಮಾತು" ಎಂದು ಹೆಸರಿಟ್ಟು ಹೆಮ್ಮೆಪಟ್ಟಿದ್ದೆ. ಯಾರು ಹುಡುಕುತ್ತಾರೆ ಅದನ್ನು! ಕನ್ನಡದ ಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿ ಬರುವವರೂ ಜಾಸ್ತಿ. ಈಗ "ಅಡಿಕೆ ಕೊಳೆ ಔಷಧಿ: ಮೈಲುತುತ್ತ, ಸುಣ್ಣ, ನೀರು ಎಷ್ಟು" ಅಂತ ಬರೆಯುತ್ತೇನೆ. ಕವಿತೆ ಬರೆಯುವವರು ಈ ಮಾತು ಬಿಟ್ಟುಬಿಡಿ.

ಟಿಕ್ ತೆಗೆದ ಮೇಲೆ ಕೆಲವು ಬರಹ ವಾರದೊಳಗೆ ಬಂದವು, ಉಳಿದವಕ್ಕೆ ಮಳೆಗಾಲವೇ ಕಳೆಯಿತು. ಹಳೆಯ ಬ್ಲಾಗನ್ನು ಅಳಿಸಲಿಲ್ಲ. ಅಲ್ಲಿ ಮೊದಲು ಸೊನ್ನೆ ಸೇರಿಸಿದೆ, ಆಮೇಲೆ ಪ್ರತಿ ಬರಹದ ತಲೆಗೂ ಹೊಸ ಲಿಂಕ್ ಹಾಕಿದೆ. ನೀವು ಬ್ಲಾಗ್‌ಸ್ಪಾಟ್‌ನಲ್ಲೇ ಇದ್ದರೆ ಸೆಟಿಂಗ್ಸ್‌ನಲ್ಲಿ ಪ್ರೈವಸಿ ಕೆಳಗೆ "ವಿಸಿಬಲ್ ಟು ಸರ್ಚ್ ಎಂಜಿನ್ಸ್" ಆನ್ ಇದೆಯಾ ಅಂತ ಇವತ್ತೇ ನೋಡಿ.

ಇನ್ನು ನೂರು ಸರ್ಚ್ ಎಂಜಿನ್‌ಗಳ ದುಡ್ಡು. ಕೊಡಬೇಡಿ. ಪುಟ ಸೇರಿಸಿಕೊಳ್ಳಲು ಗೂಗಲ್ ದುಡ್ಡು ಕೇಳುವುದಿಲ್ಲ. ಬಿಂಗ್‌ಗೂ ಅದರದ್ದೇ ವೆಬ್‌ಮಾಸ್ಟರ್ ಟೂಲ್ಸ್ ಇದೆ, ಅದೂ ಪುಕ್ಕಟೆ. ಡಕ್‌ಡಕ್‌ಗೋ ಎಂಬ ಇನ್ನೊಂದು ಸರ್ಚ್ ಎಂಜಿನ್ ಹೆಚ್ಚಾಗಿ ಬಿಂಗ್‌ನಿಂದಲೇ ತೆಗೆದುಕೊಳ್ಳುತ್ತದೆ. ಉಳಿದ ತೊಂಬತ್ತೇಳರ ಹೆಸರು ಹೇಳಿ ಎಂದು ಅವರನ್ನೇ ಒಮ್ಮೆ ಕೇಳಿ ನೋಡಿ. ಚೌಕದಲ್ಲಿ ಟಿಕ್ ಹಾಗೇ ಇದ್ದರೆ ಸಾವಿರಕ್ಕೆ ಸೇರಿಸಿದರೂ ಚೀಟಿ ಓದಿ ವಾಪಸ್ ಹೋಗುತ್ತವೆ.

ತೀರ್ಥಹಳ್ಳಿಯವರು ಈಗ ಪ್ರತಿ ಮೇ ತಿಂಗಳಲ್ಲಿ ಫೋನ್ ಮಾಡುತ್ತಾರೆ. ಅವರ ಫೋನಿನಲ್ಲಿ ನನ್ನ ಹೆಸರು ಇನ್ನೂ "ಹತ್ತು ಲೀಟರ್" ಅಂತಲೇ ಸೇವ್ ಆಗಿದೆಯಂತೆ.